ಹದಿನೇಳು ಉತ್ತರಪತ್ರಿಕೆ, ಒಂದು ‘ರನ್’

ನನ್ನ ಹೆಂಡತಿ ನೀಲಮ್ಮ ತೀರಿಕೊಂಡು ಐದು ತಿಂಗಳಾಯಿತು. ಮೊದಮೊದಲು ದಿನವೂ ಯಾರಾದರೂ ಬಂದು ಕೂತು ಸಮಾಧಾನ ಹೇಳುತ್ತಿದ್ದರು. ಈಗ ಅವರವರ ಕೆಲಸ ಅವರವರಿಗೆ. ಕಳೆದ ವಾರ ಮಾತ್ರ, ಹೊಸದಾಗಿ ಇಂಗ್ಲಿಷ್ ಕಲಿಸಲು ಬಂದಿರುವ ಇಬ್ಬರು ಶಿಕ್ಷಕರು ಮನೆ ಹುಡುಕಿಕೊಂಡು ಬಂದರು. “ಸಾರ್, ನಿಮ್ಮ ಕಾಲದಲ್ಲಿ ಹೇಗೆ ಕಲಿಸ್ತಿದ್ರಿ, ಸ್ವಲ್ಪ ಬರೆದುಕೊಡಿ” ಅಂದರು. ಬರೆಯುತ್ತೇನೆ. ಯಾವ ವರ್ಷ ಬಡ್ತಿ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪಿನಿಂದ ಪ್ರಯೋಜನ ಆಗಬಹುದು.

ಐವತ್ತರ ದಶಕದ ಕೊನೆಯ ಮಾತು. ರಾಜ್ಯ ಒಂದಾದ ಹೊಸತು. ನಾನು ಸೊರಬದ ಕಡೆಯವನು, ನೀಲಮ್ಮ ಶಿಕಾರಿಪುರದ ಕಡೆಯವಳು. ನನಗೆ ಕೆಲಸ ಸಿಕ್ಕಿದ್ದು ಈ ಎರಡು ಊರುಗಳ ನಡುವೆ, ಶಿರಾಳಕೊಪ್ಪಕ್ಕೆ ಹತ್ತಿರದ ಒಂದು ಮಿಡ್ಲ್ ಸ್ಕೂಲಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಟ್ರೇನಿಂಗ್ ಮಾಡಿಕೊಂಡಿದ್ದೆ, ಅಷ್ಟೆ. ಇನ್ನೂ ಕಾಯಂ ಆಗಿರಲಿಲ್ಲ. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಇದ್ದುದರಿಂದ ಹೆಡ್ ಮೇಷ್ಟ್ರು ಗುರುಶಾಂತಪ್ಪನವರು ಇಂಗ್ಲಿಷ್ ಪೂರಾ ನನ್ನ ತಲೆಗೆ ಕಟ್ಟಿದರು. ಊರಿಗೆ ತಂತಿ ಬಂದರೆ ನನ್ನ ಹತ್ತಿರ ತರುತ್ತಿದ್ದರು. ಔಷಧದ ಬಾಟಲಿಯ ಮೇಲಿನ ಚೀಟಿಯನ್ನೂ ನಾನೇ ಓದಬೇಕು. ಓದುವಾಗ ಜನ ಕಾಗದ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷದವನಿಗೆ ಅದರಿಂದ ಎಷ್ಟು ಜಂಬ ಬಂದಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಗ ನಾವು ಕಲಿಸುತ್ತಿದ್ದ ಬಗೆ ಹೀಗಿತ್ತು. ಪ್ರತಿ ಹುಡುಗನ ಹತ್ತಿರವೂ ಒಂದು ಶಬ್ದಾರ್ಥದ ನೋಟು. ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಕನ್ನಡ ಅರ್ಥ. ಒಂದು ಶಬ್ದಕ್ಕೆ ಒಂದೇ ಅರ್ಥ. ಎರಡು ಅರ್ಥ ಬರೆಸಿದರೆ ಮಕ್ಕಳು ಗೊಂದಲಪಡುತ್ತಾರೆ ಎಂದು ನಮಗೆ ಟ್ರೇನಿಂಗಿನಲ್ಲಿ ಹೇಳಿದ್ದರು. ನಾನು ಅದರ ಮೇಲೆ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ವಾಕ್ಯವನ್ನು ಕನ್ನಡಕ್ಕೆ ತರುವ ಸೂತ್ರವನ್ನೇ ಬರೆಸಿದ್ದೆ. ಮೊದಲು ಕರ್ತೃ, ಅದಕ್ಕೆ ‘ಉ’ ಸೇರಿಸು. ಆಮೇಲೆ ಕರ್ಮ, ಅದಕ್ಕೆ ‘ಅನ್ನು’ ಸೇರಿಸು. ಕೊನೆಗೆ ಕ್ರಿಯಾಪದ, ಅದರ ಕೆಳಗೆ ಎರಡು ಗೆರೆ ಎಳೆ. ಇಡೀ ಕ್ಲಾಸು ಒಂದೇ ಉಸಿರಿಗೆ “ರನ್ ಅಂದರೆ ಓಡು, ರನ್ ಅಂದರೆ ಓಡು” ಎಂದು ಕೂಗಿದರೆ ರಸ್ತೆಯಲ್ಲಿ ಗಾಡಿ ಹೊಡೆದುಕೊಂಡು ಹೋಗುವವರು ನಿಂತು ಕೇಳುತ್ತಿದ್ದರು. “ನಮ್ಮ ಮೇಷ್ಟ್ರು ಚಲೋ ಉರು ಹೊಡಿಸ್ತಾರೆ” ಎಂದು ಊರಲ್ಲಿ ಹೆಸರಾಗಿತ್ತು.

ಎಂಟನೆಯ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. ಆ ವರ್ಷ ನಮ್ಮ ಶಾಲೆಯಿಂದ ಹದಿನೇಳು ಮಕ್ಕಳು ಶಿಕಾರಿಪುರಕ್ಕೆ ಹೋಗಿ ಬರೆದರು. ಅವರಲ್ಲಿ ಹುಡುಗಿ ಒಬ್ಬಳೇ, ಗಿರಿಜಾ. ಅವರಪ್ಪನಿಗೆ ಶಿರಾಳಕೊಪ್ಪದಲ್ಲಿ ಬಟ್ಟೆ ಅಂಗಡಿ. ಎಲ್ಲರಿಗಿಂತ ದೊಡ್ಡವನು ಹುಚ್ಚರಾಯ. ನಡುವೆ ಮೂರು ವರ್ಷ ಶಾಲೆ ಬಿಟ್ಟು ಬೇಸಾಯ ಮಾಡಿ ಮತ್ತೆ ಬಂದು ಸೇರಿದ್ದ, ಮೀಸೆ ಬಂದಿತ್ತು. ಇಂಗ್ಲಿಷ್ ಪೇಪರು ಮುಗಿಸಿ ಬಂದವರು “ಮೇಷ್ಟ್ರೆ, ರನ್ ಬಂದಿತ್ತು! ಐದು ವಾಕ್ಯಾನೂ ರನ್ನೇ!” ಎಂದು ಕುಣಿದರು. ನಾನೂ ಹಿಗ್ಗಿದೆ. ಪ್ರಶ್ನೆಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಓದುವ ಬುದ್ಧಿ ನನಗೆ ಬರಲಿಲ್ಲ.

ಫಲಿತಾಂಶದ ದಿನ ನಮ್ಮ ಶಾಲೆಯ ನಂಬರುಗಳು ಪಟ್ಟಿಯಲ್ಲಿ ಇರಲಿಲ್ಲ. ಅದರ ಬದಲು ಶಿವಮೊಗ್ಗೆಯಿಂದ ಹೆಡ್ ಮೇಷ್ಟ್ರ ಹೆಸರಿಗೆ ಒಂದು ಕಾಗದ ಬಂತು. ಹದಿನೇಳೂ ಉತ್ತರಪತ್ರಿಕೆಗಳಲ್ಲಿ ಭಾಷಾಂತರದ ಉತ್ತರಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿವೆ, ತಪ್ಪುಗಳೂ ಒಂದೇ ಆಗಿವೆ, ಕೆಳಗೆ ಎಳೆದ ಗೆರೆಗಳೂ ಒಂದೇ. ಆದ್ದರಿಂದ ಸಾಮೂಹಿಕ ನಕಲು ಎಂದು ಭಾವಿಸಿ ಫಲಿತಾಂಶ ತಡೆಹಿಡಿಯಲಾಗಿದೆ. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಎರಡು ವರ್ಷ ಯಾರೂ ಪರೀಕ್ಷೆಗೆ ಕೂರುವ ಹಾಗಿಲ್ಲ. ಜೊತೆಯಲ್ಲಿ ಆ ಉತ್ತರಗಳ ಪ್ರತಿ ಇತ್ತು. ನಾನು ಓದಿದೆ.

“ಅವನು ಅಂಗಡಿಯನ್ನು ಓಡುತ್ತಾನೆ. ಕೆರೆಯು ಒಣಗಿ ಓಡಿದೆ. ನನ್ನ ಮೂಗು ಓಡುತ್ತಲಿದೆ. ಈ ರಸ್ತೆಯು ನದಿಗೆ ಓಡುತ್ತದೆ.” ಹುಡುಗ ವೇಗವಾಗಿ ಓಡುತ್ತಾನೆ ಎಂಬ ಒಂದು ಮಾತ್ರ ಸರಿ ಇತ್ತು.

ಗುರುಶಾಂತಪ್ಪನವರು ಕೆಟ್ಟವರಲ್ಲ, ಆದರೆ ಪಿಂಚಣಿಗೆ ಎರಡು ವರ್ಷ ಇತ್ತು. ಬಾಗಿಲು ಮುಂದೆ ಮಾಡಿ ಕೂತು ಹೇಳಿದರು. “ನೋಡ್ರಿ, ಮಕ್ಕಳ ಹತ್ರ ತಪ್ಪೊಪ್ಪಿಗೆ ಬರೆಸಿಬಿಡೋಣ. ಸಣ್ಣೋರು, ಕಾಪಿ ಹೊಡೆದ್ವು ಅಂದ್ರೆ ಒಂದು ವರ್ಷಕ್ಕೆ ಇಳಿಸ್ತಾರೆ.”

“ಅವರು ಹೊಡೆದಿಲ್ಲ ಸಾರ್. ನಾನು ಬರೆಸಿದ್ದು ಬರೆದಿದಾರೆ.”

“ಅದನ್ನ ನಿಮ್ಮ ಬಾಯಲ್ಲಿ ಆಡಬ್ಯಾಡ್ರಿ. ನೀವಿನ್ನೂ ಕಾಯಂ ಆಗಿಲ್ಲ.”

ಹೊರಗೆ ಬಂದರೆ ಕಟ್ಟೆಯ ಮೇಲೆ ಗಿರಿಜಾಳ ಅಪ್ಪ ಕೂತಿದ್ದರು. ಸುದ್ದಿ ಅಷ್ಟರಲ್ಲೇ ಊರು ಸುತ್ತಿತ್ತು. “ಏನ್ರಿ ಮೇಷ್ಟ್ರೆ, ಹದಿನೇಳು ಮಕ್ಕಳಿಗೆ ಒಂದೇ ಕಳ್ಳತನ ಕಲಿಸಿದ್ರಂತೆ? ಬ್ಯಾರೆ ಬ್ಯಾರೆ ಕಲಿಸಿದ್ರೆ ಸಿಕ್ಕಿಬೀಳ್ತಿರಲಿಲ್ಲ” ಅಂದರು. ಪಕ್ಕದವರು ನಕ್ಕರು. ಅವರು ನಗಲಿಲ್ಲ. “ನನ್ನ ಮಗಳನ್ನ ಹೈಸ್ಕೂಲಿಗೆ ಕಳಿಸೋನಿದ್ದೆ. ಈಗ ಕಳ್ಳಿ ಅನ್ನಿಸ್ಕೊಂಡ ಹುಡುಗೀನ ಯಾವ ಮುಖ ಇಟ್ಕೊಂಡು ಕಳಿಸ್ಲಿ, ನೀವೇ ಹೇಳ್ರಿ.”

ಹುಚ್ಚರಾಯನಂಥವರು ಅಪರೂಪ, ಎರಡು ವರ್ಷ ಬಿಟ್ಟ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮನೆಯಲ್ಲಿ ನೀಲಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಮದುವೆಯಾಗಿ ಒಂದೂವರೆ ವರ್ಷ ಆಗಿತ್ತು. ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

“ಮಕ್ಕಳು ಕದ್ದಿಲ್ಲ ಅಂತ ಗೊತ್ತಿರೋದು ಯಾರಿಗೆ?”

“ನನಗೆ.”

“ಮತ್ಯಾರಿಗೆ?”

“ಯಾರಿಗೂ ಇಲ್ಲ.”

“ಹಂಗಾದ್ರೆ ಹೋಗಬೇಕಾದೋರು ಯಾರು, ಅದನ್ನೂ ನಾನೇ ಹೇಳ್ಬೇಕೇನ್ರಿ?”

“ಕೆಲಸ ಹೋದ್ರೆ?”

“ನಮ್ಮಪ್ಪ ನಿಮ್ಮ ಕೆಲಸ ನೋಡಿ ಕೊಟ್ಟಿರಬಹುದು. ನಾನು ಅದನ್ನ ನೋಡಿ ಬರಲಿಲ್ಲ” ಅಂದಳು. ಯಾವುದನ್ನು ನೋಡಿ ಬಂದೆ ಎಂದು ಕೇಳಲು ಆಗ ನನಗೆ ಧೈರ್ಯವಿರಲಿಲ್ಲ. ಆಮೇಲೆ ಸಮಯ ಬೇಕಾದಷ್ಟಿತ್ತು, ಕೇಳಲೇ ಇಲ್ಲ.

ಮರುದಿನ ಮೊದಲ ಬಸ್ಸಿಗೆ ಶಿವಮೊಗ್ಗೆಗೆ ಹೋದೆ. ಬಗಲಲ್ಲಿ ನನ್ನ ಶಬ್ದಾರ್ಥದ ನೋಟು. ಶಾಲಾ ಇನ್‌ಸ್ಪೆಕ್ಟರ್ ಸಾಹೇಬರ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ನಿಂತೆ. ಒಳಗೆ ಕರೆದಾಗ ನೋಟನ್ನು ಮೇಜಿನ ಮೇಲಿಟ್ಟು, “ತಪ್ಪು ನನ್ನದು ಸಾರ್, ಮಕ್ಕಳದ್ದಲ್ಲ” ಅಂದೆ. ಅವರು ಮೈಸೂರು ಕಡೆಯವರು, ತೆಳ್ಳಗೆ, ಜರಿ ಪೇಟದವರು. ನೋಟಿನ ಹಾಳೆ ತಿರುವಿದರು.

“ಇದು ನೀವೇ ಬರೆಸಿದ್ದೋ?”

“ಹೌದು ಸಾರ್.”

“ಅಂಗಡಿಯನ್ನು ಓಡುತ್ತಾನೆ. ಅಂಗಡಿ ಮುಂದೆ ಓಡ್ತಿತ್ತೋ, ಇವನು ಮುಂದೆ ಓಡ್ತಿದ್ನೋ?”

ಸಾಹೇಬರು ನೋಟನ್ನು ನನ್ನ ಕಡೆ ತಳ್ಳಿದರು.

“ಮಕ್ಕಳನ್ನ ಉಳಿಸೋಕೆ ನೀವು ಬಸ್ಸಲ್ಲಿ ಕೂತು ಈ ನೋಟು ಬರೆದಿಲ್ಲ ಅಂತ ನಾನು ಹೇಗೆ ನಂಬಲಿ?”

“ಮಕ್ಕಳನ್ನ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ ಸಾರ್. ಪೇಪರಲ್ಲಿ ಇಲ್ಲದ ವಾಕ್ಯ ಕೊಡಿ.”

ಸಾಹೇಬರು ಡೈರಿ ತೆಗೆದು ನಮ್ಮ ಶಾಲೆಯ ಹೆಸರು ಬರೆದುಕೊಂಡರು. “ನೀವು ಹೇಳೋದು ನಿಜ ಆದ್ರೆ ಮಕ್ಕಳು ಗೆಲ್ತಾರೆ, ನೀವು ಸೋಲ್ತೀರಿ. ಗೊತ್ತಿದೆಯೋ?” ಗೊತ್ತಿದೆ ಅಂದೆ.

ಅವರು ಬಂದದ್ದು ನಾಲ್ಕು ದಿನ ಬಿಟ್ಟು. ಬೇಸಿಗೆ ರಜೆ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದಿದ್ದೆ. ಹುಚ್ಚರಾಯ ಅಂಜನಾಪುರದ ಮಾವನ ಮನೆಯಲ್ಲಿದ್ದ. ಹೊಲದಿಂದ ನೇರ ಬಂದವನ ಕಾಲಲ್ಲಿ ಕೆಸರಿತ್ತು. ಸಾಹೇಬರು ಒಬ್ಬನನ್ನು ಆಫೀಸಿನಲ್ಲಿ, ಒಬ್ಬನನ್ನು ಜಗಲಿಯ ಆ ತುದಿಯಲ್ಲಿ, ಇನ್ನೊಬ್ಬನನ್ನು ಹುಣಸೆಮರದ ಬುಡದಲ್ಲಿ, ಹೀಗೆ ಹದಿನೇಳು ಜನರನ್ನು ಹದಿನೇಳು ಕಡೆ ಕೂರಿಸಿದರು. ನನ್ನನ್ನು ಕಾಂಪೌಂಡಿನ ಹೊರಗೆ ನಿಲ್ಲಿಸಿದರು. ತಾವೇ ಸುತ್ತಾಡಿ ಎರಡು ಹೊಸ ಇಂಗ್ಲಿಷ್ ವಾಕ್ಯ ಹೇಳಿದರು. ನಲ್ಲಿಯಿಂದ ನೀರು ಸುರಿಯುತ್ತಿದೆ ಎನ್ನುವ ಅರ್ಥದ್ದು ಒಂದು. ಅವಳು ಸಂಸಾರ ನಡೆಸುತ್ತಾಳೆ ಎನ್ನುವ ಅರ್ಥದ್ದು ಇನ್ನೊಂದು. ಎರಡರಲ್ಲೂ ರನ್.

ಅರ್ಧ ಗಂಟೆಯ ಮೇಲೆ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಹದಿನೇಳು ಹಾಳೆ ಹರಡಿದ್ದರು. “ನಲ್ಲಿಯು ಓಡುತ್ತಲಿದೆ. ಅವಳು ಮನೆಯನ್ನು ಓಡುತ್ತಾಳೆ.” ಹದಿನೇಳರಲ್ಲೂ ಅದೇ. ಹದಿನೇಳರಲ್ಲೂ ‘ಓಡು’ವಿನ ಕೆಳಗೆ ಎರಡು ಗೆರೆ.

ಹೆಡ್ ಮೇಷ್ಟ್ರು ಕರವಸ್ತ್ರದಲ್ಲಿ ಬೆವರು ಒರೆಸಿಕೊಂಡರು. ಸಾಹೇಬರು ಮೊದಲು ನಕ್ಕರು, ಆಮೇಲೆ ನಗು ನಿಂತಿತು. “ಇವು ಹದಿನೇಳು ಪೇಪರಲ್ಲ ಮೇಷ್ಟ್ರೆ. ಒಂದೇ ಪೇಪರು. ಬರೆದೋರು ನೀವು” ಅಂದರು. ನಕಲಿನ ಆರೋಪ ಅಲ್ಲಿಗೆ ಹೋಯಿತು. ಆದರೆ ತಪ್ಪು ತಪ್ಪೇ. ಇಂಗ್ಲಿಷಿನಲ್ಲಿ ಎಲ್ಲರೂ ಫೇಲು. ಗಿರಿಜಾ ಅಳು ತಡೆದುಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ಅವಳನ್ನು ನೋಡಿಯೋ ಏನೋ, ಸಾಹೇಬರು ಹೊರಡುವ ಮುಂಚೆ ಹೇಳಿದರು. “ಮೂರು ವಾರ ಕೊಡ್ತೀನಿ. ಇಂಗ್ಲಿಷ್ ಒಂದಕ್ಕೆ ಮರುಪರೀಕ್ಷೆ ಮಾಡೋಕೆ ಮೇಲಿನವರಿಗೆ ಬರೀತೀನಿ. ನಾನೇ ಬಂದು ತಗೋತೀನಿ. ಆಗಲೂ ಹದಿನೇಳು ಒಂದೇ ಇದ್ರೆ ಮಕ್ಕಳೂ ಮನೆಗೆ, ನೀವೂ ಮನೆಗೆ.”

ಹೊಸಬರು ಇಲ್ಲಿಂದ ಗಮನವಿಟ್ಟು ಓದಬೇಕು, ಯಾಕೆಂದರೆ ಬುದ್ಧಿ ಬಂದ ಮೇಲೂ ನಾನು ಮಾಡಲು ಹೊರಟದ್ದು ಅದೇ ತಪ್ಪು. ಹೆಡ್ ಮೇಷ್ಟ್ರ ಹತ್ತಿರ ಒಂದು ದಪ್ಪ ಡಿಕ್ಷನರಿ ಇತ್ತು. ಅದನ್ನು ಮನೆಗೆ ತಂದೆ. ‘ರನ್’ ಎಂಬ ಒಂದು ಶಬ್ದಕ್ಕೆ ಹಾಳೆಗಟ್ಟಲೆ ಅರ್ಥ. ಓಡು, ಹರಿ, ಸೋರು, ನಡೆಸು, ಮುಗಿದುಹೋಗು, ಬಣ್ಣ ಬಿಡು, ಚುನಾವಣೆಗೆ ನಿಲ್ಲು. ಓಡುವುದಕ್ಕೂ ನಿಲ್ಲುವುದಕ್ಕೂ ಒಂದೇ ಮಾತು ಎಂಬುದನ್ನು ನೋಡಿ ನನಗೆ ತಲೆ ಕೆಟ್ಟಿತು. ಜಗಲಿಯಲ್ಲಿ ಕೂತು ಎಲ್ಲವನ್ನೂ ನಂಬರು ಹಾಕಿ ಬರೆಯತೊಡಗಿದೆ. ನಲವತ್ತು ದಾಟಿತ್ತು. ಇಷ್ಟನ್ನೂ ಬಾಯಿಪಾಠ ಮಾಡಿಸಿಬಿಡುವುದು ಎಂದು ನನ್ನ ಲೆಕ್ಕ.

ನೀಲಮ್ಮ ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಇಂಗ್ಲಿಷಿನ ಒಂದಕ್ಷರ ಬಾರದು. ಮಜ್ಜಿಗೆ ತಂದಿಟ್ಟು, “ಏನ್ರಿ ಇದು, ಜಾತಕ ಬರೆದಂಗೆ ಬರೀತೀರಿ?” ಅಂದಳು. ಓದಿ ಹೇಳಿದೆ.

“ಅಂಗಡಿಗೆ ಯಾಕ್ರಿ ಓಡೋ ಮಾತು ಹಾಕ್ಯಾರೆ?”

“ಅವರ ಭಾಷೆ ಹಂಗೆ. ಅಂಗಡಿ ನಡೆಸೋದಕ್ಕೆ ರನ್ ಅಂತಾರೆ.”

ಅವಳು ನಕ್ಕಳು. “ಅಂದ್ರೆ ನಮ್ಮದು ನಡೀತೈತಿ, ಅವರದ್ದು ಓಡ್ತೈತಿ. ಭಾಳ ಗಡಿಬಿಡಿ ಜನ.” ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ಕೂತು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. “ಅಲ್ರೀ, ಅಂಗಡಿಗೆ ಕಾಲೈತೇನು ನಡಿಯಾಕೆ? ನಮ್ಮಕ್ಕನ ಮದುವೆ ನಡೀತು. ಗಡಿಯಾರ ನಡೀತೈತಿ. ನಿಮ್ಮ ಅವ್ವನ ಮುಂದೆ ನನ್ನ ಮಾತು ನಡಿಯಲ್ಲ. ಇವನ್ನೆಲ್ಲ ನನಗೆ ಯಾವ ಮೇಷ್ಟ್ರು ನಂಬರ್ ಹಾಕಿ ಬರೆಸಿದ್ರು?”

ನಾನು ಪೆನ್ನು ಕೆಳಗಿಟ್ಟೆ.

“ಮಕ್ಕಳಿಗೆ ಗೊತ್ತೈತ್ರಿ. ಮೂಗು ಓಡ್ತೈತಿ ಅಂತ ಯಾವ ಮಗು ಮನೇಲಿ ಅಂತೈತಿ? ಶಾಲೇಲಿ ಬರಿಯಾಕೆ ಕೂತಾಗ ಮಾತ್ರ ಹೆದರ್ಕೊಂಡು ಅಂತಾವೆ. ಮೊದ್ಲು ಅವುನ್ನ ಕೇಳ್ರಿ, ನಿಮ್ಮನೇಲಿ ಏನಂತೀರೋ ಅಂತ. ಆಮೇಲೆ ನಿಮ್ಮ ಇಂಗ್ಲೀಷ್ ಹೇಳ್ರಿ.”

ಮರುದಿನ ಶಬ್ದಾರ್ಥದ ನೋಟುಗಳನ್ನೆಲ್ಲ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಕ್ಕಳು ಕೈ ಕಾಲು ಕಳೆದುಕೊಂಡವರಂತೆ ಕೂತರು. “ಮೂಗಿಂದ ನೀರು ಇಳಿದ್ರೆ ನಿಮ್ಮನೇಲಿ ಏನಂತಾರೆ?” ಎಂದು ಕೇಳಿದೆ. ಸರಿಯಾದ ಉತ್ತರ ಯಾವುದು ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದರು. ಕೊನೆಗೆ ಗಿರಿಜಾ ಮೆಲ್ಲಗೆ, “ಸೋರ್ತೈತಿ ಅಂತೀವ್ರಿ” ಅಂದಳು. “ನಾವು ಸುರೀತೈತಿ ಅಂತೀವಿ” ಎಂದು ಇನ್ನೊಬ್ಬ. “ನಮ್ಮವ್ವ ಏನೂ ಅನ್ನಲ್ರಿ, ಸೆರಗಲ್ಲಿ ಒರೆಸಿಬಿಡ್ತಾಳೆ” ಎಂದು ಮತ್ತೊಬ್ಬ. ಆ ಕ್ಲಾಸಿನಲ್ಲಿ ಅದು ಮೊದಲ ನಗು. ನಗು ಮುಗಿದ ಮೇಲೆ ಇಂಗ್ಲಿಷ್ ವಾಕ್ಯ ಹೇಳಿದೆ. ಮರೆಯುವವರೇ ಇಲ್ಲ.

ಆಮೇಲೆ ನಾನು ಕೋಣೆಯಲ್ಲಿ ಕೂರಿಸಿದ್ದು ಕಡಿಮೆ. ಶಿರಾಳಕೊಪ್ಪದ ಸಂತೆಗೆ ಕರೆದುಕೊಂಡು ಹೋದೆ. ಗಿರಿಜಾಳ ಅಪ್ಪನ ಅಂಗಡಿ ಮುಂದೆ ನಿಂತು, ಇವರು ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಅಂಗಡಿ ನಡೆಸ್ತಾರೆ, ಅಂಗಡಿ ಇಟ್ಟಾರೆ, ಬಟ್ಟೆ ವ್ಯಾಪಾರ ಮಾಡ್ತಾರೆ. ಅವರು ಗದ್ದಿಗೆಯಿಂದಲೇ, “ನೊಣ ಹೊಡೀತಾರೆ ಅಂತ ಬರಕೊಳ್ರೋ, ಬೆಳಗಿಂದ ಬೋಣಿ ಆಗಿಲ್ಲ” ಅಂದರು. ಆದರೂ ಎಲ್ಲರಿಗೂ ಮಂಡಕ್ಕಿ ತರಿಸಿಕೊಟ್ಟರು. ಕೆಂಪು ಸೀರೆ ಬಣ್ಣ ಬಿಡುವುದನ್ನು ನೀರಲ್ಲಿ ಅದ್ದಿ ತೋರಿಸಿದವರೂ ಅವರೇ. ಕಾಲುವೆಯಲ್ಲಿ ನೀರು ಓಡುತ್ತದೆ ಎಂದು ನಾನು ಒಮ್ಮೆ ಬಾಯಿ ತಪ್ಪಿ ಅಂದಾಗ ಹುಚ್ಚರಾಯ ತಡೆದ. “ಅಂಜನಾಪುರದಾಗೆ ಹಂಗನ್ನಲ್ರಿ. ಕಾಲುವೆ ಬಿಟ್ಟಾರೆ ಅಂತೀವಿ. ಓಡೋದು ನಾವು, ನಮ್ಮ ಮಡಿಗೆ ನೀರು ತಿರುಗಿಸ್ಕೊಳ್ಳಾಕೆ.” ಹಕ್ಕಿಗಳಿಗೆ ಹೆಸರಾದ ಗುಡವಿ ಕೆರೆ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದ ಹುಡುಗನೊಬ್ಬ ಕೆರೆ ಬತ್ತುವುದಕ್ಕೆ, “ಹಕ್ಕಿ ಎದ್ದೋದ್ವು ಅಂತಾರೆ ನಮ್ಮಲ್ಲಿ” ಎಂದ. ಡಿಕ್ಷನರಿಯಲ್ಲಿ ಅದಿಲ್ಲ. ನಾನು ಅದಕ್ಕೂ ಸರಿ ಹಾಕಿದೆ.

ದಿನವೂ ಮನೆಗೆ ಹೋಗಿ ನೀಲಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಅವಳು ಒಂದೆರಡು ಮಾತು ಸೇರಿಸುತ್ತಿದ್ದಳು, ಒಂದೆರಡನ್ನು ಸುಳ್ಳು ಎಂದು ತಳ್ಳಿಹಾಕುತ್ತಿದ್ದಳು. ಮಾರನೆಯ ದಿನ ಅದನ್ನೇ ನಾನು ಕ್ಲಾಸಿಗೆ ಒಯ್ಯುತ್ತಿದ್ದೆ.

ಮೂರು ವಾರಕ್ಕೆ ಸರಿಯಾಗಿ ಸಾಹೇಬರು ಬಂದರು. ಮತ್ತೆ ಹದಿನೇಳು ಜಾಗ. ಈ ಸಲ ಇಡೀ ಪೇಪರು. ನಾನು ಕಾಂಪೌಂಡಿನ ಹೊರಗೆ ಆಚೆಯಿಂದೀಚೆ ತಿರುಗಿದೆ. ಗಿರಿಜಾಳ ಅಪ್ಪ ಅಂಗಡಿ ಮುಚ್ಚಿ ಬಂದು ನನ್ನ ಜೊತೆ ನಿಂತಿದ್ದರು.

ಸಾಹೇಬರು ಅಲ್ಲೇ ಕೂತು ಓದಿದರು. ಒಂದು ಹಾಳೆ ಎಡಕ್ಕೆ, ಒಂದು ಬಲಕ್ಕೆ. ಎರಡೆರಡನ್ನು ಹತ್ತಿರ ಹಿಡಿದು ಹೋಲಿಸಿದರು. ಸಂಸಾರದ ವಾಕ್ಯವನ್ನು ಬೇಕೆಂದೇ ಮತ್ತೆ ಕೊಟ್ಟಿದ್ದರು. ಒಬ್ಬ ‘ಮನೆ ನಡೆಸುತ್ತಾಳೆ’ ಎಂದಿದ್ದ. ಇನ್ನೊಬ್ಬ ‘ಮನೆ ಯಜಮಾನಿಕೆ ಅವಳದು’ ಎಂದಿದ್ದ. ಗಿರಿಜಾ ‘ಅವಳು ಸಂಸಾರ ತೂಗಿಸುತ್ತಾಳೆ’ ಎಂದು ಬರೆದಿದ್ದಳು. ಸಾಹೇಬರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, “ನನಗೇ ಇದು ಹೊಳೀತಿರಲಿಲ್ಲ” ಅಂದರು. ಹದಿನೇಳರಲ್ಲಿ ಯಾವ ಎರಡೂ ಒಂದೇ ಆಗಿರಲಿಲ್ಲ.

ಹದಿನಾಲ್ಕು ಜನ ಪಾಸಾದರು. ಗಿರಿಜಾ ಹೈಸ್ಕೂಲಿಗೆ ಹೋದಳು. ಮುಂದೆ ಅವಳೂ ಟೀಚರಾದಳು. ಮೂವರು ಫೇಲು, ಅದರಲ್ಲಿ ಹುಚ್ಚರಾಯನೂ ಒಬ್ಬ. ನಾನು ಅವನ ಎದುರು ನಿಲ್ಲಲಾರದೆ ನಿಂತಾಗ ಅವನೇ ಹೇಳಿದ. “ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಷ್ಟ್ರೆ. ಈ ಸಲದ ತಪ್ಪೆಲ್ಲ ನನ್ನವೇ.” ಹೆಮ್ಮೆಯಿಂದ ಹೇಳಿದ. ಮುಂದಿನ ವರ್ಷ ಪಾಸು ಮಾಡಿದ. ನನ್ನ ಸರ್ವಿಸ್ ಬುಕ್ಕಿನಲ್ಲಿ ಒಂದು ಎಚ್ಚರಿಕೆ ಬರೆದರು. ಅದು ಕೊನೆಯವರೆಗೂ ಇತ್ತು. ಅದರ ಬಗ್ಗೆ ನನಗೆ ಬೇಸರವಿಲ್ಲ. ಮಕ್ಕಳ ಹೆಸರಿನ ಮುಂದೆ ಹತ್ತಬೇಕಾಗಿದ್ದ ಮಸಿ ಅದು.

ಆದರೆ ಆ ದಿನ ಇನ್ನೊಂದು ನಡೆಯಿತು. ಜೀಪು ಹತ್ತುವ ಮುಂಚೆ ಸಾಹೇಬರು ಕೇಳಿದರು. “ಈ ವಿಧಾನ ಎಲ್ಲಿಂದ ತಂದ್ರಿ? ಯಾವ ಪುಸ್ತಕದ್ದು?” ಹೆಡ್ ಮೇಷ್ಟ್ರು ಇದ್ದರು, ಊರವರು ಇದ್ದರು. ಹೆಂಡತಿ ಹೇಳಿಕೊಟ್ಟಳು ಎನ್ನಲು ನಾಲಿಗೆ ಏಳಲಿಲ್ಲ. “ನಾನೇ ಯೋಚನೆ ಮಾಡಿದೆ ಸಾರ್” ಅಂದೆ.

ತಪ್ಪು ನನ್ನದೆಂದು ಶಿವಮೊಗ್ಗೆಯವರೆಗೆ ಹೋಗಿ ಹೇಳಿದವನು, ಒಳ್ಳೆಯದು ನನ್ನದಲ್ಲ ಎಂದು ಅಂಗಳದಲ್ಲಿ ನಿಂತು ಹೇಳಲಾರದೆ ಹೋದೆ. ಮನೆಗೆ ಬಂದು ನೀಲಮ್ಮನಿಗೆ ಇದನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. “ಹದಿನಾಲ್ಕು ಪಾಸಾದ್ವಲ್ಲ, ಕೈಕಾಲು ತೊಳ್ಕೊಳ್ರಿ” ಅಂದಳು. ಮುಂದೆ ಸಾಹೇಬರು ಸುತ್ತಿನ ಶಾಲೆಗಳ ಮೇಷ್ಟ್ರುಗಳನ್ನು ನನ್ನ ಕ್ಲಾಸು ನೋಡಲು ಕಳಿಸಿದರು. ಅವರು ಮನೆಗೂ ಬರುತ್ತಿದ್ದರು. ನಾನು ಜಗಲಿಯಲ್ಲಿ ವಿವರಿಸುತ್ತಿದ್ದೆ. ಅವಳು ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಮೂವತ್ತು ವರ್ಷ ಕಲಿಸಿದೆ, ಎಷ್ಟೋ ಜನ ಇದನ್ನು ನನ್ನ ವಿಧಾನ ಎಂದೇ ಕರೆದರು. ಒಮ್ಮೆಯೂ ನಾನು ತಿದ್ದಲಿಲ್ಲ.

ಕಳೆದ ವಾರ ಬಂದಿದ್ದ ಆ ಇಬ್ಬರು ಶಿಕ್ಷಕರೂ ಎದ್ದು ಹೋಗುವಾಗ, “ಮನೆಮಾತು ಮೊದಲು, ಇಂಗ್ಲಿಷ್ ಆಮೇಲೆ ಅನ್ನೋದು ನಿಮ್ಮದೇ ಅಲ್ವಾ ಸಾರ್?” ಎಂದು ಕೇಳಿದರು. ಅವರಿಗೆ ಕೊಡುವ ಉತ್ತರ ಇಷ್ಟೆ. ಅಲ್ಲ, ಅದು ನೀಲಮ್ಮನದು. ನಾಲ್ಕನೆಯ ಕ್ಲಾಸು ಓದಿದವಳು. ಈ ತಾಲ್ಲೂಕುಗಳಲ್ಲಿ ಅವಳಿಗಿಂತ ಒಳ್ಳೆಯ ಇಂಗ್ಲಿಷ್ ಮೇಷ್ಟ್ರನ್ನು ನಾನು ಕಾಣಲಿಲ್ಲ.